ಬೀಗರ ಝೋಳಿಗೆಯ ಮೆರವಣಿಗೆ

ಖಂಡೆಪ್ಪನವರು ಕೆಟ್ಟವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಹೇಳಲು ಅವಕಾಶ ಸಿಗುವ ಭರವಸೆ ನನಗಿಲ್ಲ. ಕಲಬುರಗಿಯ ಬಜಾರಿನಲ್ಲಿ ಅವರದು ಹಗ್ಗ ಮತ್ತು ಗೋಣಿಚೀಲಗಳ ಅಂಗಡಿ. ದುಂಡು ಮುಖ, ದೊಡ್ಡ ರುಮಾಲು, ಆ ರುಮಾಲಿನ ಕೆಳಗೆ ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳದ ಎರಡು ಕಿವಿ. ಎದುರಿನವರು ಅರ್ಧ ಮಾತಾಡುವಷ್ಟರಲ್ಲಿ "ತಿಳೀತು, ತಿಳೀತು" ಎಂದು ಉಳಿದರ್ಧವನ್ನು ತಾವೇ ಮುಗಿಸುವರು. ಗಿರಾಕಿ "ನನಗೊಂದು ಹಗ್ಗ..." ಎಂದರೆ ಸಾಕು, "ಎಮ್ಮಿ ಕಟ್ಟಲಿಕ್ಕೆ! ತಿಳೀತು!" ಎಂದು ದಪ್ಪ ಹಗ್ಗ ಅಳೆದು ಕೊಡುವರು. ಬಾವಿಯ ಕೊಡಕ್ಕೆ ಹಗ್ಗ ಕೇಳಲು ಬಂದ ಆ ಪಾಪದವನು ಎಮ್ಮೆಯ ಹಗ್ಗ ಹಿಡಿದು ಮನೆಗೆ ಹೋಗಿ ಹೆಂಡತಿಯಿಂದ ಬೈಸಿಕೊಳ್ಳುವನು.

ನಿಜಾಮರ ಆಳ್ವಿಕೆಯ ಕಾಲ. ವಿಲಾಯತಿಯ ಕಡೆ ದೊಡ್ಡ ಯುದ್ಧ ನಡೆದಿದೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ನಮಗೆ ಯುದ್ಧಕ್ಕಿಂತ ಮಳೆಯ ಕಾಟವೇ ಹೆಚ್ಚಾಗಿತ್ತು. ಆ ವರ್ಷ ಹಿಡಿದ ಮಳೆ ದಸರೆ ಬಂದರೂ ಬಿಡಲಿಲ್ಲ. ಮಣ್ಣಿನ ಗೋಡೆಗಳು ಕುಸಿದವು, ಕೂಲಿಯವರಿಗೆ ಕೆಲಸ ಇಲ್ಲವಾಯಿತು. ಹಾಗೆಂದು ಊರಲ್ಲಿ ಅನ್ನ ಹಾಕುವವರಿಗೆ ಬರವೇನೂ ಇರಲಿಲ್ಲ. ಮಠದಲ್ಲಿ ದಾಸೋಹ ಇತ್ತು, ಮೋಮಿನಪುರದಲ್ಲಿ ಲಂಗರ ಇತ್ತು, ಬ್ರಾಹ್ಮಣರ ಓಣಿಯಲ್ಲಿ ಅನ್ನಛತ್ರ ಇತ್ತು. ಆದರೆ ಈ ಮೂವರು ಒಬ್ಬರಿಗೊಬ್ಬರು ಮಾತಾಡಿದವರಲ್ಲ. ಕಾಲು ಗಟ್ಟಿ ಇದ್ದವರು ಮೂರೂ ಕಡೆ ಉಂಡು ಕಟ್ಟೆಯ ಮೇಲೆ ಗೊರಕೆ ಹೊಡೆಯುವರು. ಕಾಲು ಬಾರದ ಮುದುಕರು ಬಿದ್ದ ಗೋಡೆಯ ಮೂಲೆಯಲ್ಲಿ ಹಸಿದು ಕೂಡುವರು.

ತಹಸೀಲ ಕಚೇರಿಯ ಪೇಶಕಾರರಾದ ಸಿಕಂದರ್ ಸಾಹೇಬರಿಗೆ ಇದನ್ನು ಸಹಿಸಲಾಗಲಿಲ್ಲ. ಅವರು ಹೈದರಾಬಾದಿನಿಂದ ಹೊಸದಾಗಿ ಬಂದವರು, ಕಾಯಿದೆ ಎಂದರೆ ಪ್ರಾಣ ಬಿಡುವವರು. "ಇಂತಜಾಮ್ ಬೇಕು, ಬಂದೋಬಸ್ತು! ಮೂರೂ ಕಡೆ ಒಬ್ಬನೇ ನೋಡಿಕೊಳ್ಳುವ ಮನುಷ್ಯ ಬೇಕು!" ಎಂದು ಕಚೇರಿಯಲ್ಲಿ ಕೂಗಿದರು. ಚೀಲ ಮಾರಲು ಬಂದು ಬಾಗಿಲಲ್ಲಿ ನಿಂತಿದ್ದ ಖಂಡೆಪ್ಪನವರು ರೂಢಿಯಂತೆ "ತಿಳೀತು ಹುಜೂರ್" ಎಂದರು. ಏನು ತಿಳಿಯಿತೆಂದು ಸಾಹೇಬರು ಕೇಳಲಿಲ್ಲ. "ಶಾಬಾಶ್! ಇವತ್ತಿನಿಂದ ನೀವೇ ಮೊಹತಮೀಮ್" ಎಂದುಬಿಟ್ಟರು. ಮೊಹತಮೀಮ್ ಎಂದರೆ ಮೇಲ್ವಿಚಾರಕ. ಸಂಬಳವಿಲ್ಲ, ಆದರೆ ಹೆಸರು ಎಷ್ಟು ಭಾರ ನೋಡಿ! ಅಂದಿನಿಂದ ಖಂಡೆಪ್ಪನವರ ರುಮಾಲು ಇನ್ನೊಂದು ಸುತ್ತು ದೊಡ್ಡದಾಯಿತು.

ಸುಳ್ಳೇಕೆ ಹೇಳಲಿ, ಮೊದಮೊದಲು ಅವರು ಒಳ್ಳೆಯದನ್ನೇ ಮಾಡಿದರು. ದಾಸೋಹ ಬೆಳಿಗ್ಗೆ, ಛತ್ರ ಮಧ್ಯಾಹ್ನ, ಲಂಗರ ಸಂಜೆಗೆ ಎಂದು ಗೊತ್ತು ಮಾಡಿದರು. ನಡೆಯಲಾರದವರಿಗೆ ಬಂಡಿಯಲ್ಲಿ ಊಟ ಕಳಿಸಿದರು. ಊರು ಹೊಗಳಿತು. ಹೊಗಳಿದ್ದೇ ತಪ್ಪಾಯಿತು.

ಅಷ್ಟರಲ್ಲಿ ಮೊಹರಂ ಬಂತು. ನಮ್ಮ ಕಡೆ ಮೊಹರಂ ಎಲ್ಲರ ಹಬ್ಬ. ಲಿಂಗಾಯತರು, ಕುರುಬರು, ಮುಸಲ್ಮಾನರು ಎನ್ನದೆ ಹರಕೆ ಹೊತ್ತವರೆಲ್ಲ ಆ ದಿನಗಳಲ್ಲಿ ಫಕೀರರಾಗುವರು. ಕೊರಳಲ್ಲಿ ಬಣ್ಣದ ಲಾಡಿ, ಮೈಮೇಲೆ ಹಸಿರು ಬಟ್ಟೆ, ಹೆಗಲಿಗೆ ಝೋಳಿಗೆ. ಐದು ಮನೆ ಬೇಡಿ, ಬಂದ ಕಾಳಿನಿಂದ ಮಾಲಿದಿ ಎಂಬ ಸಿಹಿ ಮಾಡಿ ಪೀರದೇವರಿಗೆ ಕೊಡುವುದು ಪದ್ಧತಿ. ದೊಡ್ಡ ದೊಡ್ಡ ಸಾಹುಕಾರರೂ ಬೇಡುವರು. ಆ ದಿನಗಳಲ್ಲಿ ಚಾಚಿದ ಕೈಯನ್ನು ಯಾರೂ ಭಿಕ್ಷುಕನ ಕೈ ಎನ್ನುವುದಿಲ್ಲ, ಭಕ್ತನ ಕೈ ಎನ್ನುತ್ತಾರೆ. ಯಾರೂ ಏನೂ ಕೇಳುವುದಿಲ್ಲ.

ಮೊಹತಮೀಮರ ತಲೆಯಲ್ಲಿ ವಿಚಾರ ಹೊಳೆಯಿತು. ಇಷ್ಟೊಂದು ಫಕೀರರು ಬೇಡಿದ ಕಾಳು ಅಲ್ಲಿಷ್ಟು ಇಲ್ಲಿಷ್ಟು ಹೋಗುವುದೇಕೆ? ಎಲ್ಲ ಝೋಳಿಗೆಗಳನ್ನೂ ಒಂದೇ ಕಡೆ ಸುರಿದರೆ ಬಡವರಿಗೆ ಅಡಿಗೆ ಆಗುವುದಿಲ್ಲವೇ? ಲಂಗರದ ಅಡಿಗೆಗೆ ಹಿರಿಯಳಾದ ಇಮಾಮಬಿ ಮಾತ್ರ ತಲೆ ಅಲ್ಲಾಡಿಸಿದಳು.

"ಖಂಡೆಪ್ಪ ಭಾಯಿ, ಕೊಡೋರು ತಾವಾಗೇ ತಂದು ಕೊಡ್ಲಿ. ಮಂದಿ ಝೋಳಿಗ್ಯಾಗ ನೀವು ಕೈ ಹಾಕಬ್ಯಾಡ್ರಿ. ಯಾರ ಝೋಳಿಗ್ಯಾಗ ಏನಿರ್ತದೋ..."

"ಕಾಳು ಇರ್ತದ! ತಿಳೀತು!" ಎಂದು ಖಂಡೆಪ್ಪನವರು ಎದ್ದೇಬಿಟ್ಟರು. ತಾಶೆ ಬಾರಿಸಲು ಶಬ್ಬೀರ್, ಬುಟ್ಟಿ ಹೊರಲು ಚಾವಡಿಯ ಪೀರಪ್ಪ, ಮುಂದೆ ತಾವು. ಹೀಗೆ ಝೋಳಿಗೆ ಸುರಿಸಿಕೊಳ್ಳುವ ಸವಾರಿ ಹೊರಟಿತು.

ಇನ್ನು ಸಾಯಬಣ್ಣನವರ ವಿಷಯ. ಓದುವವರ ಮುಂದೆ ಮುಚ್ಚಿಡುವುದು ನನ್ನ ಸ್ವಭಾವವಲ್ಲ, ಆದ್ದರಿಂದ ಕಲಬುರಗಿಯಲ್ಲಿ ಯಾರಿಗೂ ಗೊತ್ತಿಲ್ಲದ್ದನ್ನು ನಿಮಗೆ ಹೇಳುತ್ತೇನೆ. ಸಾಯಬಣ್ಣನವರು ಕಮಲಾಪುರದವರು, ಖಂಡೆಪ್ಪನವರ ಬೀಗರು. ಖಂಡೆಪ್ಪನವರ ಮಗಳು ಶಾರದಾಬಾಯಿಯನ್ನು ಅವರ ಮಗನಿಗೆ ಕೊಟ್ಟಿತ್ತು. ದೊಡ್ಡ ಮನೆ, ಹೊತ್ತಿಲ್ಲದ ಹೊತ್ತಿನಲ್ಲಿ ಹೋದವರೂ ಅಲ್ಲಿ ಉಣ್ಣದೆ ಬಂದದ್ದಿಲ್ಲ. ಮನೆಯ ಮುಂದೆ ಹಗೇವು, ಅಂದರೆ ನೆಲದೊಳಗೆ ಜೋಳ ತುಂಬಿಡುವ ಆಳದ ಗುಂಡಿ. ಈ ಸಲದ ಮಳೆಯಲ್ಲಿ ಅದರೊಳಗೆ ನೀರು ಹೊಕ್ಕು ವರ್ಷದ ಜೋಳವೆಲ್ಲ ಕೊಳೆತು ಕಪ್ಪು ರಾಡಿಯಾಗಿತ್ತು. ಬಾಳೆಯ ತೋಟವೂ ನೀರುಪಾಲಾಯಿತು. ಮಾವ, ಮಗ, ಸೊಸೆ ಮೂವರೇ ಸೇರಿ ಹಗೇವಿನ ಬಾಯಿ ತೆರೆದು ನೋಡಿ, ಮತ್ತೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ಮೇಲೆ ಕಟ್ಟಿಗೆ ಒಟ್ಟಿದರು. ಮಗ ವ್ಯಾಪಾರಕ್ಕೆ ಹೋಗುತ್ತೇನೆಂದು ಊರಿಗೆಲ್ಲ ಹೇಳಿ ಶಹಾಬಾದದ ಕಲ್ಲುಗಣಿಗೆ ಕೂಲಿಗೆ ಹೋದ. ಹೊಸ ಜೋಳ ಬರುವತನಕ ಮನೆಯವರು ಬದುಕಬೇಕು, ಊರಿಗೆ ಮಾತ್ರ ಗೊತ್ತಾಗಬಾರದು. ಸಾಯಬಣ್ಣನವರಿಗೆ ಬೇಕಾದದ್ದು ಇಷ್ಟೇ.

ಬೀಗರನ್ನು ಕೇಳಬಹುದಿತ್ತಲ್ಲ ಎನ್ನುತ್ತೀರಿ. ಗಂಡಿನ ಕಡೆಯವರು ಹೆಣ್ಣಿನ ಕಡೆಯವರ ಮುಂದೆ ಹಸಿವು ಹೇಳಿಕೊಳ್ಳುವುದೆಂದರೆ ಆ ಮುದುಕನಿಗೆ ಸಾವಿಗಿಂತ ಹೆಚ್ಚು. ಅದರಲ್ಲೂ ಖಂಡೆಪ್ಪನವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಬಜಾರಿಗೆ ಬೀಳುವುದು. ಆದ್ದರಿಂದ ಸಾಯಬಣ್ಣನವರು ಮೊಹರಂ ಬರುವುದನ್ನೇ ಕಾಯುತ್ತಿದ್ದರು. ಹಸಿರು ಬಟ್ಟೆ ಹೊದ್ದು, ಪರಿಚಯದವರು ಕಡಿಮೆ ಇರುವ ಮೋಮಿನಪುರಕ್ಕೆ ನಡೆದು ಬಂದರು. ಐದು ಮನೆ ಎಂದರೆ ಊರಿಗೆ ಐದೋ ಓಣಿಗೆ ಐದೋ ಎಂದು ಯಾರೂ ಕೇಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಝೋಳಿಗೆ ಮುಕ್ಕಾಲು ತುಂಬಿತ್ತು. ಆಗ ತಾಶೆಯ ಸದ್ದು ಕೇಳಿಸಿತು.

"ಅರೆ! ನಮ್ಮ ಬೀಗರು!"

ಸಾಯಬಣ್ಣನವರ ಮುಖದಲ್ಲಿ ರಕ್ತವೇ ಇಲ್ಲವಾಯಿತು. "ಖಂಡೆಪ್ಪನೋರ, ನಾ ಇಲ್ಲಿ ಯಾಕ ಬಂದೀನಂದ್ರ..."

"ಹರಕಿ! ತಿಳೀತು!"

"ಹೌದ್ರಿ, ಹರಕೀನೇ. ಆದ್ರ ಈ ಮಾತು ಯಾರಿಗೂ..."

"ಹೇಳಿಲ್ಲ! ಗುಪ್ತ ಹರಕಿ! ನಿಮ್ಮ ದೊಡ್ಡಸ್ತಿಕಿ ನನಗ ತಿಳೀದೇನ್ರಿ? ಎದರ ಸಲುವಾಗಿ ಹೊತ್ತೀರಿ?"

ಸಾಯಬಣ್ಣನವರು ಉತ್ತರಕ್ಕಾಗಿ ಮೇಲೆ ನೋಡಿದರು. ಮುಗಿಲಿನಿಂದ ಸುರಿಯುತ್ತಿದ್ದುದು ಮಳೆಯೊಂದೇ. "ಈ ಮಳಿ ನಮ್ಮನ್ನ..." ಎಂದರು.

"ಮಳಿ ನಿಲ್ಲಲಿ ಅಂತ!" ಖಂಡೆಪ್ಪನವರು ಎರಡೂ ಕೈ ಎತ್ತಿ ಕೂಗಿದರು. "ಅಯ್ಯಯ್ಯಯ್ಯ! ಕೇಳಿದ್ರೇನ್ರೋ! ನಮ್ಮ ಬೀಗರು ಇಡೀ ಜಿಲ್ಲಾದ ಸಲುವಾಗಿ ಫಕೀರ ಆಗ್ಯಾರ! ಹೊಡಿ ಶಬ್ಬೀರ್!"

ಶಬ್ಬೀರ್ ಹೊಡೆದ. ಓಣಿಯ ಜನ ಬಾಗಿಲಿಗೆ ಬಂದರು. ಪೀರಪ್ಪ ಬುಟ್ಟಿ ಮುಂದೆ ಹಿಡಿದ. ಸಾಯಬಣ್ಣನವರು ಝೋಳಿಗೆಯ ಬಾಯಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಗೋಡೆಗೆ ಒರಗಿದರು.

"ಬಿಡ್ರಿ ಬೀಗರೇ, ಎಷ್ಟು ವಿನಯ ನಿಮ್ಮದು! ಬಡವರ ಹೊಟ್ಟಿಗೆ ಹೋಗೂದದ," ಎನ್ನುತ್ತ ಖಂಡೆಪ್ಪನವರು ಒಂದೊಂದೇ ಬೆರಳನ್ನು ಪ್ರೀತಿಯಿಂದ ಬಿಡಿಸಿದರು. ಜೋಳ ಬುಟ್ಟಿಗೆ ಸುರಿಯಿತು. ಕಡೆಯ ಕಾಳು ಅಂಟಿಕೊಂಡಿದ್ದರೆ ಪುಣ್ಯ ಕಡಿಮೆಯಾದೀತೆಂದು ಝೋಳಿಗೆಯನ್ನು ತಿರುವಿ ಝಾಡಿಸಿದರು. ಜನ "ಶಾಬಾಶ್" ಎಂದರು. ಹಸಿದವನ ಕೈಯಿಂದ ಕಾಳು ಕಸಿದು ಬಡವರಿಗೆ ಹಂಚಿದ ದಾನಿ ಈ ಭೂಮಿಯ ಮೇಲೆ ಇನ್ನೊಬ್ಬನಿದ್ದರೆ ನನಗೆ ತೋರಿಸಿ, ನಾನು ಬರೆಯುವುದನ್ನೇ ಬಿಡುತ್ತೇನೆ.

ಸಾಯಬಣ್ಣನವರು ಮರುದಿನ ಬ್ರಾಹ್ಮಣರ ಓಣಿಗೆ ಹೋದರು. ಛತ್ರದ ತುಂಗಾಬಾಯಿ ಆ ಮುದುಕನ ಮುಖ ನೋಡಿ ಒಂದು ಮೊರದ ತುಂಬ ಜೋಳ ತಂದು ಝೋಳಿಗೆಗೆ ಹಾಕಿದಳು. "ಊಟಾ ಮಾಡೀರಿಲ್ಲೋ ಅಜ್ಜಾ?" ಎಂದು ಕೇಳುವಷ್ಟರಲ್ಲಿ ತಾಶೆ ಬಂತು. "ಫಕೀರರು ಉಪವಾಸ ಇರ್ತಾರ್ರೀ ತುಂಗಾಬಾಯಿ, ಊಟದ ಮಾತು ಆಡಿ ವ್ರತ ಕೆಡಿಸಬ್ಯಾಡ್ರಿ!" ಎಂದು ಖಂಡೆಪ್ಪನವರು ಗದರಿದರು. ಝೋಳಿಗೆ ಮತ್ತೆ ಬರಿದಾಯಿತು, ಈ ಸಲ ಹೂವಿನ ಹಾರ ಬೇರೆ. ಅದಾದ ಮೇಲೆ ಪಾಪ, ಸಾಯಬಣ್ಣನವರು ಊರನ್ನೇ ಬಿಟ್ಟು ತಾಜಸುಲ್ತಾನಪುರದ ದಾರಿ ಹಿಡಿದರು. ಅಲ್ಲಿಯೂ ಪೀರಪ್ಪ ಬುಟ್ಟಿಯೊಂದಿಗೆ ಕಾದು ಕೂತಿದ್ದ. ಬೀಗರು ಎಲ್ಲಿ ಕಂಡರೂ ಮರ್ಯಾದೆಯಿಂದ ಝೋಳಿಗೆ ಇಳಿಸಿಕೊಳ್ಳಬೇಕೆಂದು ಮೊಹತಮೀಮರ ಹುಕುಮು ಆಗಿತ್ತಂತೆ. ಕಳ್ಳರನ್ನು ಹಿಡಿಯಲು ಕೂಡ ಊರಲ್ಲಿ ಇಷ್ಟು ಚುರುಕಾದ ಜನ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಒಂದು ಮಾತು. ಆದರೆ ದೇವರಿಗೂ ಒಮ್ಮೊಮ್ಮೆ ಕೆಟ್ಟ ಚೇಷ್ಟೆ. ಅದೇ ದಿನ ಮಳೆ ನಿಂತಿತು. ಮಧ್ಯಾಹ್ನಕ್ಕೆ ಬಿಸಿಲು ಬಿತ್ತು. "ಸಾಯಬಣ್ಣ ಫಕೀರನ ಹರಕೆ ಮುಟ್ಟಿತು!" ಎಂದು ಬಜಾರಿನಲ್ಲಿ ಗದ್ದಲವೆದ್ದಿತು. ಜನ ಓಡಿ ಬಂದು ಕಾಲಿಗೆ ಬಿದ್ದರು, ಕೂಸುಗಳನ್ನು ತಂದು ತಲೆಯ ಮೇಲೆ ಕೈ ಇಡಿಸಿಕೊಂಡರು. ಒಂದು ರೊಟ್ಟಿ ಕೊಡಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ, ಸಂತರಿಗೆ ರೊಟ್ಟಿ ಕೊಡುವುದು ಅಪಮಾನವಲ್ಲವೇ! ಸಾಯಬಣ್ಣನವರು ಬರಿಯ ಝೋಳಿಗೆ ಹೆಗಲಿಗೆ ಹಾಕಿಕೊಂಡು ಕಮಲಾಪುರದ ದಾರಿ ಹಿಡಿದರು. ದಾರಿಯಲ್ಲಿ ಅತ್ತರೆಂದು ಆಮೇಲೆ ತಿಳಿಯಿತು.

ಮಳೆ ನಿಲ್ಲಿಸಿದ ಪುಣ್ಯವಂತನನ್ನು ನೋಡಬೇಕೆಂದು ಪೇಶಕಾರ ಸಾಹೇಬರಿಗೇ ಆಸೆಯಾಯಿತು. ಹೇಗೂ ಕಮಲಾಪುರದ ಕಡೆಯ ಬಡವರಿಗೂ ಜೋಳ ಹಂಚುವುದಿತ್ತು.

"ಬರ್ರಿ ಹುಜೂರ್!" ಎಂದು ಖಂಡೆಪ್ಪನವರು ಉಬ್ಬಿದರು. "ಹರಕಿ ಮುಗಿಸಿ ಫಕೀರಿ ಇಳಿಸೋ ದಿನಾನೇ ಹೋಗೂಣು. ನಮ್ಮ ಬೀಗರು ಊರಿಗೆಲ್ಲ ಊಟ ಹಾಕ್ತಾರ. ಅವರ ಮನ್ಯಾಗ ಉಣ್ಣದಽ ಬಂದ ಮನುಷ್ಯಾನೇ ಇಲ್ಲ!"

ಪೀರಪ್ಪನನ್ನು ಮುಂದೆ ಕಳಿಸಿದರು. "ಪೇಶಕಾರ ಸಾಹೇಬರು ಊಟಕ್ಕೆ ಬರುವವರಿದ್ದಾರೆ" ಎಂದು ಅವನು ಕಮಲಾಪುರದ ಓಣಿ ಓಣಿಯಲ್ಲಿ ಕೂಗಿ ಹೇಳಿದ. ಹಿಂದಿನಿಂದ ಜೋಳದ ಚೀಲಗಳ ಬಂಡಿಗಳು, ಸಾಹೇಬರ ಟಾಂಗಾ, ಶಬ್ಬೀರನ ತಾಶೆ. ಕಡೆಯ ಬಂಡಿಯಲ್ಲಿ ಇಮಾಮಬಿ ಮತ್ತು ಖಂಡೆಪ್ಪನವರ ಹೆಂಡತಿ ನೀಲಗಂಗಮ್ಮ, ಬಂಡಿ ಹೊಡೆಯುವವರು ಖಂಡೆಪ್ಪನವರೇ. ನೀಲಗಂಗಮ್ಮ ದಾರಿಯುದ್ದಕ್ಕೂ ಒಂದೇ ವಿಷಯ ಕೆದಕುತ್ತಿದ್ದಳು.

"ಏನ್ರೀ, ಬೀಗರು ಭಾಳ ಸೊರಗ್ಯಾರ ಅಂತ ತುಂಗಾಬಾಯಿ ಅಂದ್ಲು. ಗಲ್ಲದ ಎಲುಬು ಕಾಣತಾವಂತ. ಹಂಗಂದ್ರ ಮನ್ಯಾಗ..."

"ಉಪವಾಸ! ವ್ರತದ್ದು! ತಿಳೀತು!" ಎಂದು ಖಂಡೆಪ್ಪನವರು ಎತ್ತಿಗೆ ಬಾರುಕೋಲು ತೋರಿಸಿದರು. ನೀಲಗಂಗಮ್ಮ ಗಂಡನ ಬೆನ್ನು ನೋಡಿ ಹಲ್ಲು ಕಡಿದಳು.

ಕಮಲಾಪುರದಲ್ಲಿ ಅರ್ಧ ಊರು ಸಾಯಬಣ್ಣನವರ ಮನೆಯ ಮುಂದೆ ನೆರೆದಿತ್ತು. ಮುಂದಿನ ಸಾಲಿನಲ್ಲಿ ಪಕ್ಕದ ಮನೆಯ ದೌಲಪ್ಪ. ಈತನಿಗೆ ಎಲ್ಲರ ಮನೆಯ ಒಲೆಯ ಸುದ್ದಿಯೂ ಬೇಕು. ಸಾಯಬಣ್ಣನವರು ಒಗೆದ ಬಿಳಿ ಅಂಗಿ ತೊಟ್ಟು ಕಟ್ಟೆಯ ಮೇಲೆ ನೆಟ್ಟಗೆ ಕೂತಿದ್ದರು. ಗಲ್ಲಿಗೆ ಹೋಗುವವನೂ ಅಷ್ಟು ನೆಟ್ಟಗೆ ಕೂಡಲಾರ. "ಬರ್ರಿ, ಬರ್ರಿ, ಕೂಡ್ರಿ," ಎಂದು ಎಲ್ಲರಿಗೂ ಕೈಮುಗಿದರು. ಧ್ವನಿ ಮಾತ್ರ ದೊಡ್ಡ ಮನೆಯದೇ.

ಹೆಂಗಸರಿಬ್ಬರೂ ಒಳಗೆ ಹೋದರು. ಅಡಿಗೆಮನೆಯಲ್ಲಿ ಜೋಳದ ಗಡಿಗೆ ಬೋರಲಾಗಿತ್ತು. ಒಲೆಯ ಮೇಲೆ ಒಂದೇ ಪಾತ್ರೆ, ಅದರಲ್ಲಿ ಉಪ್ಪು ಹಾಕಿ ಬೇಯಿಸುತ್ತಿದ್ದ ಬಾಳೆಯ ಗಡ್ಡೆ. ದನಕ್ಕೆ ಹಾಕಲೂ ಹಿಂದೆಮುಂದೆ ನೋಡುವಂಥದ್ದು. ಒಲೆಯ ಮುಂದೆ ಕೂತಿದ್ದ ಶಾರದಾಬಾಯಿ ಎದ್ದು ನಿಂತಳು. ಅವಳ ಬಳೆಗಳು ಮೊಣಕೈವರೆಗೆ ಸರಿದವು. ನೀಲಗಂಗಮ್ಮ ಮಗಳ ಕೈ ಹಿಡಿದು ನೆಲದ ಮೇಲೆ ಕುಸಿದಳು.

"ನನಗರೆ ಹೇಳಬಾರದೇನಽ ನನ್ನ ಮಗಳ?"

"ನಿನಗ ಹೇಳಿದ್ರ ಅಪ್ಪಗ ತಿಳೀತದವ್ವಾ. ಅಪ್ಪ ಡಂಗುರ ಹೊಡೀತಾನ." ಶಾರದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಊರಿಗೆ ಗೊತ್ತಾದ ದಿನ ನಾ ಉಳಿಯಂಗಿಲ್ಲ ಅಂದಾರ ಮಾವನೋರು. ಬರೇ ಬಾಯಿಮಾತಿಗೆ ಅಂದಿಲ್ಲವ್ವಾ. ನಿನ್ನಿ ಬಾವಿ ಕಡೆ ಎರಡು ಸಲ ಹೋಗಿ ಬಂದಾರ."

ಹೊರಗಿನಿಂದ ಖಂಡೆಪ್ಪನವರ ಕೂಗು ಕೇಳಿಸಿತು. "ಶಾರದಾ! ಅಡಿಗಿ ಆಗಿದ್ರ ಎಲಿ ಹಾಕ್ರೆವ್ವಾ! ಸಾಹೇಬ್ರು ಹಸದಾರ!"

ಒಳಗೆ ಮೂವರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಇಮಾಮಬಿ ಪಾತ್ರೆಯನ್ನು ಇಳಿಸಿ ಮೂಲೆಗಿಟ್ಟು ಮುಚ್ಚಿದಳು. ಶಾರದಾಬಾಯಿ ಸೆರಗು ಹಣೆಯವರೆಗೆ ಎಳೆದುಕೊಂಡು ಬಾಗಿಲಿಗೆ ಬಂದು ನಿಂತಳು. ಸೊಸೆ ಗಂಡಸರ ಮುಂದೆ ಬಾಯಿ ಬಿಡುವುದನ್ನು ಊರು ಕಂಡದ್ದೇ ಇಲ್ಲ.

"ಸಾಹೇಬ್ರು ತಪ್ಪು ತಿಳೀಬಾರದು," ಎಂದಳು. "ಫಕೀರಿ ಇಳಿಸೋ ದಿನ ಹರಕಿ ಹೊತ್ತ ಮನ್ಯಾಗ ಅಡಿಗಿ ಮಾಡಂಗಿಲ್ರೀ. ಬಂದೋರು ತಂದ ಕಾಳಿನಾಗೇ ಅಡಿಗಿ ಆಗಬೇಕು. ಉಂಡು ಉಳಿದ ಕಾಳು ಆ ಮನ್ಯಾಗೇ ಬಿಡಬೇಕು. ತಿರುಗಿ ಒಯ್ದ್ರ ಹರಕಿ ಕೆಡ್ತದ."

"ಹಾಂ ಹುಜೂರ್," ಎಂದು ಹಿಂದಿನಿಂದ ಇಮಾಮಬಿ ದನಿಗೂಡಿಸಿದಳು. "ನಮ್ಮ ಅಜ್ಜಿ ಕಾಲದಿಂದ ಹಿಂಗೇ."

ಇಮಾಮಬಿಯ ಅಜ್ಜಿ ಇಂಥ ಮಾತನ್ನು ಎಂದೂ ಆಡಿರಲಿಲ್ಲ. ಆ ಕಾಯಿದೆಗೆ ಆಗ ಒಂದು ಗಳಿಗೆಯ ವಯಸ್ಸೂ ಆಗಿರಲಿಲ್ಲ.

ದೌಲಪ್ಪ ಕತ್ತು ಉದ್ದ ಮಾಡಿದ. "ಹಂಗಾದ್ರ ಮಾಳಿಗಿ ಮ್ಯಾಲೆ ಹೊಗಿ ಕಾಣಾಕತ್ತದಲ್ರೀ?"

"ಲೋಬಾನದ ಧೂಪದ್ದು!" ಎಂದಳು ಇಮಾಮಬಿ.

ಕಾಯಿದೆ ಎಂದ ಕೂಡಲೆ ಸಾಹೇಬರ ಮುಖ ಅರಳಿತು. "ವಾಹ್! ಬಹುತ್ ಖೂಬ್! ಕಾಯಿದೆ ಇದ್ದ ಮೇಲೆ ಮುಗೀತು. ಚೀಲ ಇಳಿಸಿ!" ಎಂದರು. ಸಾಯಬಣ್ಣನವರು ಕಟ್ಟೆಯ ಮೇಲೆ ಮೊದಲ ಸಲ ಉಸಿರು ಬಿಟ್ಟರು. ಎಲ್ಲ ಅಲ್ಲಿಗೆ ಸರಿಹೋಗುತ್ತಿತ್ತು. ಆದರೆ ನಮ್ಮ ಮೊಹತಮೀಮರು ಇದ್ದಾರಲ್ಲ!

"ಇಂಥಾ ಕಾಯಿದೆ ಎಲ್ಲೂ ಇಲ್ಲ ಹುಜೂರ್!" ಎಂದು ಅವರು ನಡುವೆ ಹಾರಿದರು. "ಇಷ್ಟು ಫಕೀರರ ಝೋಳಿಗಿ ಇಳಿಸೀನಿ, ನನಗ ಗೊತ್ತಿಲ್ಲದ ಕಾಯಿದೆ ಎಲ್ಲಿಂದ ಬಂತು? ಏ ಶಾರದಾ, ಸಾಹೇಬರ ಮುಂದ ಬೀಗರ ಮಾನ ಕಳೀತಿಯೇನು? ಮಂದಿ ತಂದ ಜ್ವಾಳ ಉಣ್ಣೋ ಮನಿ ಏನಿದು?"

"ಅಪ್ಪಾ, ನೀ ಸುಮ್ಮನಿರು."

"ಸುಮ್ಮನ ಹೆಂಗಿರ್ಲಿ? ಬೀಗರ ಹಗೇವಿನ ಜ್ವಾಳಂದ್ರ ಮುತ್ತು ಇದ್ದಂಗ! ಸಾಹೇಬ್ರಿಗೆ ನಾನೇ ತೋರಸ್ತೀನಿ. ಪೀರಪ್ಪ, ಬಾ ಇಲ್ಲಿ, ಕಟ್ಟಿಗಿ ತಗಿ!"

ಯಾರಾದರೂ ತಡೆಯುವ ಮುಂಚೆ ಇಬ್ಬರೂ ಕಟ್ಟಿಗೆ ಎಳೆದು ಬದಿಗೆ ಹಾಕಿದ್ದರು. ಸಾಯಬಣ್ಣನವರು ಎದ್ದು ನಿಂತರು. ಅವರ ಕಣ್ಣು ಹಗೇವಿನ ಮೇಲಿರಲಿಲ್ಲ, ಬಾವಿಯ ಮೇಲಿತ್ತು. ಶಾರದಾಬಾಯಿ ಹೊಸ್ತಿಲು ದಾಟಿ ಬಂದು ಮಾವನ ಅಂಗಿಯ ತೋಳು ಹಿಡಿದುಕೊಂಡಳು. ಖಂಡೆಪ್ಪನವರು ಮಣ್ಣು ಕೆದರಿ, ಬಗ್ಗಿ, ಕಲ್ಲನ್ನು ಒಂದು ಬೆರಳಿನಷ್ಟು ಸರಿಸಿದರು.

ಒಳಗಿನ ವಾಸನೆ ಮೂಗಿಗೆ ಬಡಿಯಿತು.

ಅವರು ಬಗ್ಗಿದವರು ಬಗ್ಗಿದಂತೆಯೇ ತಲೆ ತಿರುಗಿಸಿ ನೋಡಿದರು. ಮಗಳ ತೆಳ್ಳಗಾದ ಕೈ ಕಂಡಿತು. ಬೀಗರ ಗಲ್ಲದ ಎಲುಬು ಕಂಡಿತು. ಮೋಮಿನಪುರದ ಗೋಡೆಗೆ ಒರಗಿ ಝೋಳಿಗೆ ಬಿಡದೆ ಹಿಡಿದ ಬೆರಳುಗಳು, ಅವನ್ನು ತಾವು ನಗುನಗುತ್ತ ಬಿಡಿಸಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಈ ಸಲ ಖಂಡೆಪ್ಪನವರಿಗೆ ನಿಜವಾಗಿಯೂ ತಿಳಿಯಿತು. ತಿಳಿಯಿತೆಂದು ಬಾಯಿಬಿಟ್ಟು ಹೇಳಲಿಲ್ಲ. ಕಲ್ಲನ್ನು ಮೊದಲಿನ ಜಾಗಕ್ಕೆ ಸರಿಸಿ ಅದರ ಮೇಲೆ ಕೂತುಬಿಟ್ಟರು.

"ಏನಾಯಿತು?" ಎಂದರು ಸಾಹೇಬರು.

"ಕಾಲು ಜೋಮು ಹಿಡದಾವ ಹುಜೂರ್."

"ಹಗೇವು ತಗೀರಲ್ಲ!" ಎಂದ ದೌಲಪ್ಪ.

"ತಗಿಯಂಗಿಲ್ಲ. ನಮ್ಮ ಹುಡುಗಿ ಅಂದದ್ದು ಖರೇ ಅದ. ಅಂಥಾ ಕಾಯಿದೆ ಅದ. ನನಗ ಮರ್ತಿತ್ತು."

ದೌಲಪ್ಪ ಗಾಳಿಯಲ್ಲಿ ಮೂಗು ಎತ್ತಿ ಎರಡು ಹೆಜ್ಜೆ ಮುಂದೆ ಬಂದ. "ಏನೋ ಹೊಲಸು ನಾತ ಬರಾಕತ್ತದಲ್ರೀ? ಕೊಳತದ್ದು?"

ಖಂಡೆಪ್ಪನವರ ಮುಖ ಕೆಂಪಾಯಿತು, ಕಪ್ಪಾಯಿತು, ಬೆವರಿತು. ಊರ ಮುಂದೆ, ಸಾಹೇಬರ ಮುಂದೆ, ಬೀಗರ ಮುಂದೆ, ದೊಡ್ಡ ರುಮಾಲಿನ ಆ ಮನುಷ್ಯ ತಲೆ ತಗ್ಗಿಸಿ ಹೇಳಿದರು: "ನಂದೇ ರೀ. ನಿನ್ನಿಯಿಂದ ಹೊಟ್ಟಿ ಸರಿ ಇಲ್ಲ."

ಕಮಲಾಪುರ ನಕ್ಕ ನಗು ಆ ದಿನ ಹೊಲಗಳ ಆಚೆಗೂ ಕೇಳಿಸಿರಬೇಕು. ಗಂಡಸರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಶಬ್ಬೀರ್ ತಾಶೆಯ ಮೇಲೆ ಬಿದ್ದು ಹೊರಳಾಡಿ ನಕ್ಕ. ಸಾಹೇಬರು ಅತ್ತರಿನ ಕರವಸ್ತ್ರ ಮೂಗಿಗೆ ಹಿಡಿದು ಮುಖ ತಿರುಗಿಸಿದರು. ದೌಲಪ್ಪ ಎಲ್ಲರಿಗಿಂತ ದೂರ ಓಡಿದ. ಖಂಡೆಪ್ಪನವರು ಮಾತ್ರ ಕಲ್ಲಿನಿಂದ ಏಳಲಿಲ್ಲ. ನಾಚಿಕೆಯಿಂದ ಸಾಯುವುದು ಸಾಧ್ಯವಿದ್ದರೆ ಅವರು ಅಲ್ಲೇ ಸಾಯುತ್ತಿದ್ದರು. ಆದರೆ ಸತ್ತರೆ ಕಲ್ಲಿನ ಮೇಲೆ ಕೂಡುವವರು ಬೇಕಲ್ಲ!

ಆಗ ನೀಲಗಂಗಮ್ಮ ಹೊರಗೆ ಬಂದಳು. ಅವಳಿಗೆ ಗಂಡನ ಮೇಲೆ ಇದ್ದ ಸಿಟ್ಟು ನಾಟಕದ್ದಲ್ಲ, ಅಪ್ಪಟ ಸಿಟ್ಟು. ಆದರೆ ತಲೆ ಮಾತ್ರ ನೆಟ್ಟಗಿತ್ತು.

"ಸಾಹೇಬ್ರೇ, ನನ್ನದೊಂದು ಫಿರ್ಯಾದಿ ಅದ. ಹರಕಿ ಮನಿ ಮುಂದ ಬಂದು ಊಟ ಕೇಳಿದವಗ, ಅವರ ಹಗೇವಿಗೆ ಕೈ ಹಚ್ಚಿದವಗ ನಿಮ್ಮ ಕಾಯಿದ್ಯಾಗ ಏನು ಶಿಕ್ಷಾ?"

"ಯಾರು ಅಂಥವರು?"

"ಅಕೋ, ಕಲ್ಲಿನ ಮ್ಯಾಲೆ ಕೂತಾರಲ್ಲ, ನನ್ನ ಗಂಡ!"

ಸಾಹೇಬರು ಗಂಭೀರರಾದರು. ಇಂಥ ತಪ್ಪಿಗೆ ಸಾಮಾನ್ಯವಾಗಿ ಏನು ದಂಡ ಎಂದು ಶಾರದಾಬಾಯಿಯನ್ನೇ ಕೇಳಿದರು, ಕಾಯಿದೆ ಅವಳಿಗಲ್ಲವೇ ಬಾಯಿಪಾಠ!

"ಹೊಸ ಸುಗ್ಗಿ ಬರೋತನಕ ಅಮಾಸಿಗೊಮ್ಮೆ ಈ ಮನಿಗೆ ಒಂದು ಚೀಲ ಜ್ವಾಳ ತಂದು ಹಾಕಬೇಕ್ರೀ. ಆಳಿನ ಕೈಯಾಗ ಕಳಿಸಂಗಿಲ್ಲ, ತಾನೇ ತರಬೇಕು," ಎಂದಳು ಶಾರದಾ, ಅಪ್ಪನ ಮುಖ ನೋಡದೆ.

"ಮಂಜೂರ್! ಒಂದು ಚೀಲ!"

"ಹುಜೂರ್!" ಕಲ್ಲಿನ ಮೇಲಿಂದ ದನಿ ಬಂತು. "ಒಂದು ಚೀಲ ಕಮ್ಮಿ ಆತ್ರೀ. ನನ್ನ ತಪ್ಪು ಭಾಳ ದೊಡ್ಡದು. ಎರಡು ಹಾಕ್ರಿ."

ಸಾಹೇಬರು ಕಣ್ಣರಳಿಸಿದರು. ಜುಲ್ಮಾನೆ ಇಳಿಸಿರೆಂದು ಅಳುವವರನ್ನು ಅವರು ಬಹಳ ಮಂದಿಯನ್ನು ನೋಡಿದ್ದರು. ಏರಿಸಿರೆಂದು ಕೈಮುಗಿಯುವವನನ್ನು ನೋಡಿರಲಿಲ್ಲ.

"ಎರಡು?"

"ಮತ್ತ ತೊಗರಿಬ್ಯಾಳಿ, ಹುಜೂರ್. ಬ್ಯಾಳಿ ಮರೀಬ್ಯಾಡ್ರಿ. ಎಣ್ಣಿನೂ ಬರಕೊಳ್ರಿ."

ಸಾಹೇಬರು ಎಲ್ಲವನ್ನೂ ಮಂಜೂರು ಮಾಡಿದರು. ಕಾಯಿದೆ ಗೊತ್ತಿಲ್ಲದವನು ಮೊಹತಮೀಮನಾಗಿರಕೂಡದೆಂದು ಆ ಪದವಿಯನ್ನೂ ಅಲ್ಲೇ ಕಿತ್ತು ಇಮಾಮಬಿಗೆ ಕೊಟ್ಟರು. ಆಮೇಲೆ ಸಾಯಬಣ್ಣನವರ ಕಡೆ ತಿರುಗಿ, ಈ ದಂಡ ಒಪ್ಪಿಗೆಯೇ ಎಂದು ಕೇಳಿದರು. ಸಾಯಬಣ್ಣನವರು ಕಲ್ಲಿನ ಮೇಲೆ ಕೂತ ಬೀಗರನ್ನೇ ನೋಡಿದರು. ಖಂಡೆಪ್ಪನವರು ತಲೆ ಎತ್ತಲೇ ಇಲ್ಲ.

"ಸರಕಾರದ ಹುಕುಮು ಅಂದ ಮ್ಯಾಲೆ ಬ್ಯಾಡ ಅನ್ನಾಕ ಬರ್ತದೇನ್ರಿ? ತಗೋತೀವಿ," ಎಂದರು ಕಡೆಗೆ.

ಅಡಿಗೆಯಾಯಿತು, ಊರು ಉಂಡಿತು. ಸಾಯಬಣ್ಣನವರು ತಾವೇ ನಿಂತು ಎಲ್ಲರಿಗೂ ಬಡಿಸಿದರು. ಶಾರದಾಬಾಯಿ ಒಳಗೆ ಕೂತು ಉಂಡಳು, ಅವಳ ತಾಯಿ ತುತ್ತು ತುತ್ತಿಗೂ ಎಣಿಸುವವಳ ಹಾಗೆ ನೋಡುತ್ತಿದ್ದಳು. ಖಂಡೆಪ್ಪನವರು ಕಲ್ಲು ಬಿಟ್ಟು ಏಳಲಿಲ್ಲವಾದ್ದರಿಂದ ಅವರ ಎಲೆಯನ್ನು ಅಲ್ಲಿಗೇ ಕಳಿಸಿದರು. ಹೊಟ್ಟೆ ಕೆಟ್ಟವನಿಗೆ ಊಟವೇಕೆ ಎಂದು ದೌಲಪ್ಪ ಅದನ್ನೂ ಹಿಂದಕ್ಕೆ ಒಯ್ದ. ಓಣಿ ಬರಿದಾದ ಮೇಲೆಯೇ ಅವರು ಎದ್ದು, ಕಲ್ಲಿಗೆ ಮಣ್ಣು ಮೆತ್ತಿ ಕಟ್ಟಿಗೆ ಒಟ್ಟಿದರು.

ಕಲಬುರಗಿಯಲ್ಲಿ ಈ ಸುದ್ದಿ ಎಷ್ಟು ಬೇಗ ಹಬ್ಬಿತೆಂದು ಹೇಳಬೇಕಾಗಿಲ್ಲ. ಅಂಗಡಿಗೆ ಬಂದ ಗಿರಾಕಿಗಳು ಮೊದಲು ಮೂಗು ಮುಚ್ಚಿಕೊಂಡು ನಕ್ಕು, ಆಮೇಲೆ ಹಗ್ಗ ಕೇಳುವರು. ಖಂಡೆಪ್ಪನವರು ಎಲ್ಲವನ್ನೂ ಕೇಳಿಸಿಕೊಂಡು ಕೂಡುವರು. ನಿಜ ಹೇಳಿಬಿಟ್ಟರೆ ನಗು ನಿಲ್ಲುತ್ತಿತ್ತು. ಮನುಷ್ಯನಿಗೆ ಮಾತು ಗಂಟಲವರೆಗೆ ಬಂದು ಉಬ್ಬಸ ಹಿಡಿಯುತ್ತಿತ್ತೆಂದು ನೀಲಗಂಗಮ್ಮ ಹೇಳುತ್ತಾಳೆ. ಆದರೂ ಹೇಳಲಿಲ್ಲ.

ಮೊದಲ ಅಮಾವಾಸ್ಯೆಗೆ ದಂಡದ ಜೋಳ ಹೇರಿಕೊಂಡು ಒಬ್ಬರೇ ಬಂಡಿ ಹೊಡೆದುಕೊಂಡು ಕಮಲಾಪುರಕ್ಕೆ ಹೋದರು. ಸಾಯಬಣ್ಣನವರು ಕಟ್ಟೆಯ ಮೇಲೆ ಕೂತಿದ್ದರು. ಓಣಿಯವರೆಲ್ಲ ನೋಡುತ್ತಿದ್ದರು. ಸಾಯಬಣ್ಣನವರು ಚೀಲ ಬಿಚ್ಚಿಸಿ ಒಂದು ಹಿಡಿ ಜೋಳವನ್ನು ಅಂಗೈಯಲ್ಲಿ ಹರಡಿ ಬಿಸಿಲಿಗೆ ಹಿಡಿದರು.

"ಕಲ್ಲು ಹಳ್ಳು ಭಾಳ ಅವ."

"ತಪ್ಪಾತ್ರೀ ಬೀಗರೇ."

"ಮುಂದಿನ ಸಲ ಹಸನ ಮಾಡಿ ತರ್ರಿ. ನಮ್ಮ ಮನಿಗೆ ಇಂಥಾ ಕಾಳು ನಡಿಯಂಗಿಲ್ಲ."

"ಆಗ್ಲಿ ರೀ."

ಖಂಡೆಪ್ಪನವರೇ ಬೆನ್ನು ಬಗ್ಗಿಸಿ ಚೀಲಗಳನ್ನು ಒಳಗೆ ಹೊತ್ತು ಹಾಕಿ ಬಂದರು. ಸಾಯಬಣ್ಣನವರು ಮುಖ ಆ ಕಡೆ ತಿರುಗಿಸಿ ಕೂತೇ ಇದ್ದರು. ನೀರು ಬೇಕೇ ಎಂದು ಕೇಳಲಿಲ್ಲ. ಕೇಳಲು ಬಾಯಿ ತೆರೆದಿದ್ದರೆ ಅಳು ಬಂದುಬಿಡುತ್ತಿತ್ತು, ಓಣಿಯೆಲ್ಲ ನೋಡುತ್ತಿತ್ತಲ್ಲ. ಒಳಗೆ ಬೀಸುವ ಕಲ್ಲು ಗರಗರ ತಿರುಗತೊಡಗಿತು. ಆ ಸದ್ದು ಕೇಳುತ್ತ ಖಂಡೆಪ್ಪನವರು ಎತ್ತುಗಳಿಗೆ ಹಗ್ಗ ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು.

ಓಣಿಯ ತಿರುವಿನಲ್ಲಿ ದೌಲಪ್ಪ ಬಂಡಿಯ ಪಕ್ಕ ನಡೆಯತೊಡಗಿದ. ಪಾಪ, ಅವನಿಗೂ ಮರುಕ ಹುಟ್ಟಿತ್ತು.

"ಖಂಡೆಪ್ಪನೋರ, ನಿಮ್ಮ ಬೀಗರು ಭಾಳ ಖಡಕ್ ಮನುಷ್ಯಾ ಬಿಡ್ರಿ. ಇಷ್ಟು ಜ್ವಾಳ ತಗೊಂಡು ಒಂದು ತಂಬಗಿ ನೀರೂ ಕೊಡಲಿಲ್ಲ. ಏನು ಮಂದೀನೋ!"

"ಹಂಗನಬ್ಯಾಡ್ರಿ ದೌಲಪ್ಪ," ಎಂದರು ಖಂಡೆಪ್ಪನವರು. ಕಣ್ಣೊರೆಸಿಕೊಳ್ಳಲು ರುಮಾಲಿನ ತುದಿ ಹುಡುಕಿದರು. "ತಗೊಂಡ್ರಲ್ಲ. ಅದೇ ನನ್ನ ಮ್ಯಾಲೆ ಅವರ ದೊಡ್ಡ ಉಪಕಾರ."